ಅಂಟಿಸುವ ಕಿಣ್ವ, ಕಳಚುವ ಕಿಣ್ವ

ಸಿಹಿನೀರಿನ ಕೆರೆಕೊಳಗಳಲ್ಲಿ ಬದುಕುವ ಟೆಟ್ರಾಹೈಮಿನಾ ಎಂಬ ಏಕಕೋಶಜೀವಿಯ ಒಂದೇ ಕೋಶದೊಳಗೆ ಎರಡು ಕೋಶಕೇಂದ್ರಗಳಿವೆ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಎರಡರಲ್ಲಿಯೂ ಇರುವುದು ಒಂದೇ ಮೂಲದ ಡಿಎನ್‌ಎ. ಆದರೂ ಆ ಜೀವಿ ಉಣ್ಣಲು, ಈಜಲು, ಬೆಳೆಯಲು ಬೇಕಾದ ಪ್ರೋಟೀನುಗಳ ಸೂಚನೆಗಳೆಲ್ಲ ದೊಡ್ಡ ಕೇಂದ್ರದಿಂದಲೇ ಹೊರಡುತ್ತವೆ. ಚಿಕ್ಕ ಕೇಂದ್ರವು ಮುಂದಿನ ಪೀಳಿಗೆಗೆಂದು ಕಾದಿಟ್ಟ ಬಿತ್ತನೆಬೀಜದಂತೆ ಸದ್ದಿಲ್ಲದೆ ಇರುತ್ತದೆ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಒಂದೇ ಪಠ್ಯವಿದ್ದು, ಒಂದರಲ್ಲಿ ಅದು ಹಗಲಿರುಳು ಓದಿಸಿಕೊಳ್ಳುತ್ತದೆ, ಮತ್ತೊಂದರಲ್ಲಿ ಮುಚ್ಚಿಯೇ ಇರುತ್ತದೆ ಎಂದರೆ, ವ್ಯತ್ಯಾಸವನ್ನು ಪಠ್ಯದಲ್ಲಿ ಹುಡುಕಿ ಫಲವಿಲ್ಲ. ಆ ಪಠ್ಯವನ್ನು ಹೇಗೆ ಸುತ್ತಿಟ್ಟಿದ್ದಾರೆ ಎಂಬುದನ್ನು ನೋಡಬೇಕು. ವಂಶವಾಹಿಗಳ, ಅಂದರೆ ಜೀನ್‌ಗಳ, ಚಟುವಟಿಕೆಯನ್ನು ಕೆಲವು ಕಿಣ್ವಗಳು ಹೇಗೆ ಹಿಡಿತದಲ್ಲಿಡುತ್ತವೆ ಎಂಬ ಪ್ರಶ್ನೆಗೆ ಮೊದಲ ಖಚಿತ ಉತ್ತರ ದೊರೆತದ್ದೂ ಈ ಪುಟ್ಟ ಜೀವಿಯ ದೊಡ್ಡ ಕೋಶಕೇಂದ್ರದಿಂದಲೇ.

ನಮ್ಮ ದೇಹದ ಪರಿಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಪ್ರೋಟೀನುಗಳನ್ನು ಸಂಕೇತಿಸುವ ಸುಮಾರು 20,000 ಜೀನ್‌ಗಳು ಯಕೃತ್ತಿನ ಕೋಶದಲ್ಲಿಯೂ ಇವೆ, ಮಿದುಳಿನ ನರಕೋಶದಲ್ಲಿಯೂ ಇವೆ. ಒಂದು ಕೋಶದ ಡಿಎನ್‌ಎಯನ್ನು ಎಳೆದು ನೇರವಾಗಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿಡಬೇಕಾದ ಕೋಶಕೇಂದ್ರದ ಅಡ್ಡಗಲವೋ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು. ನೇಕಾರರು ನೂಲನ್ನು ಕಂಡಿಕೆಗೆ ಸುತ್ತುವಂತೆ ಕೋಶವೂ ತನ್ನ ಡಿಎನ್‌ಎಯನ್ನು ಸುತ್ತಿಡುತ್ತದೆ. ಹಿಸ್ಟೋನ್ ಎಂಬ ಪ್ರೋಟೀನುಗಳ ನಾಲ್ಕು ಬಗೆಗಳಲ್ಲಿ ತಲಾ ಎರಡರಂತೆ ಎಂಟು ಸೇರಿ ಒಂದು ಕಂಡಿಕೆಯಾಗುತ್ತದೆ, ಅದರ ಸುತ್ತ ಡಿಎನ್‌ಎಯ 147 ಜೋಡಿ ಅಕ್ಷರಗಳು ಎರಡಕ್ಕಿಂತ ತುಸು ಕಡಿಮೆ ಸುತ್ತು ಹಾಕಿಕೊಳ್ಳುತ್ತವೆ. ನ್ಯೂಕ್ಲಿಯೋಸೋಮ್ ಎಂದು ಕರೆಯುವ ಈ ಘಟಕದ ಕಲ್ಪನೆಯನ್ನು ರೋಜರ್ ಕಾರ್ನ್‌ಬರ್ಗ್ 1974ರಲ್ಲಿ ಮುಂದಿಟ್ಟರು. 1997ರಲ್ಲಿ ಕ್ಯಾರೊಲಿನ್ ಲ್ಯೂಗರ್, ತಿಮೊಥಿ ರಿಚ್ಮಂಡ್ ಮತ್ತು ಸಂಗಡಿಗರು ಅದರ ಪರಮಾಣುಮಟ್ಟದ ಚಿತ್ರವನ್ನು ಪ್ರಕಟಿಸಿದಾಗ ಅದರಲ್ಲಿ ಎದ್ದು ಕಂಡ ಒಂದು ಅಂಶವೆಂದರೆ, ಹಿಸ್ಟೋನ್‌ಗಳ ಬಾಲಗಳು ಸುತ್ತಿದ ಡಿಎನ್‌ಎಯ ಎಳೆಗಳ ನಡುವಿನಿಂದ ಹೊರಕ್ಕೆ ಚಾಚಿಕೊಂಡಿರುತ್ತವೆ ಎಂಬುದು. ಈ ಲೇಖನದ ಕಥೆಯೆಲ್ಲ ನಡೆಯುವುದು ಬಹುಮಟ್ಟಿಗೆ ಆ ಬಾಲಗಳ ಮೇಲೆ.

ಡಿಎನ್‌ಎಯ ಬೆನ್ನೆಲುಬಿನ ಉದ್ದಕ್ಕೂ ಫಾಸ್ಫೇಟ್ ಗುಂಪುಗಳಿರುವುದರಿಂದ ಅದು ಋಣ ವಿದ್ಯುದಾವೇಶವನ್ನು ಹೊತ್ತಿರುತ್ತದೆ. ಹಿಸ್ಟೋನ್ ಬಾಲಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದ್ದು, ಅದರ ಉದ್ದನೆಯ ತೋಳಿನ ತುದಿಯಲ್ಲಿ ಧನ ವಿದ್ಯುದಾವೇಶವಿರುತ್ತದೆ. ವಿರುದ್ಧ ಆವೇಶಗಳು ಪರಸ್ಪರ ಸೆಳೆಯುವುದರಿಂದ ಸುತ್ತು ಬಿಗಿಯಾಗಿ ನಿಲ್ಲುತ್ತದೆ, ಅಕ್ಕಪಕ್ಕದ ಕಂಡಿಕೆಗಳೂ ಒತ್ತೊತ್ತಾಗಿ ಕೂರುತ್ತವೆ. ಈಗ ಆ ಲೈಸೀನಿನ ತುದಿಗೆ ಅಸಿಟೈಲ್ ಗುಂಪೊಂದನ್ನು ಅಂಟಿಸಿದರೆ ಏನಾಗುತ್ತದೆ? ಎರಡು ಇಂಗಾಲ, ಮೂರು ಜಲಜನಕ, ಒಂದು ಆಮ್ಲಜನಕ, ಇಷ್ಟೇ ಪರಮಾಣುಗಳ ಆ ಗುಂಪು ಕೂತ ಕ್ಷಣದಿಂದ ಲೈಸೀನಿನ ಧನಾವೇಶ ಅಳಿಯುತ್ತದೆ, ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಸಡಿಲವಾದಲ್ಲಿ ಜೀನಿನ ಆರ್‌ಎನ್‌ಎ ಪ್ರತಿಯನ್ನು, ಅಂದರೆ ಪ್ರೋಟೀನು ತಯಾರಿಕೆಯ ಸೂಚನೆಯನ್ನು ಹೊತ್ತೊಯ್ಯುವ ನಕಲನ್ನು, ತೆಗೆಯುವ ಯಂತ್ರಕ್ಕೆ ನುಸುಳಲು ಎಡೆ ಸಿಗುತ್ತದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಆಲ್‌ಫ್ರಿ ಮತ್ತು ಸಹೋದ್ಯೋಗಿಗಳು ಕರುವಿನ ಥೈಮಸ್ ಗ್ರಂಥಿಯಿಂದ ಕೋಶಕೇಂದ್ರಗಳನ್ನು ಬೇರ್ಪಡಿಸಿ, ವಿಕಿರಣಶೀಲ ಅಸಿಟೇಟ್ ಹಿಸ್ಟೋನ್‌ಗಳಿಗೆ ಸೇರುವುದನ್ನು ತೋರಿಸಿದ್ದು 1964ರಲ್ಲಿ. ಹೀಗೆ ಅಸಿಟೈಲ್ ಹೊತ್ತ ಹಿಸ್ಟೋನ್‌ಗಳು ಆರ್‌ಎನ್‌ಎ ತಯಾರಿಕೆಗೆ ಒಡ್ಡುವ ತಡೆ ಕಡಿಮೆಯೆಂದೂ ಅವರು ಕಂಡರು. ಜೀನ್‌ಗಳನ್ನು ತೆರೆಯುವ, ಮುಚ್ಚುವ ವ್ಯವಸ್ಥೆ ಇದಾಗಿರಬಹುದೆಂಬ ಊಹೆಯನ್ನೂ ಮುಂದಿಟ್ಟರು.

ಆ ಊಹೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಊಹೆಯಾಗಿಯೇ ಉಳಿಯಿತು. ಗುರುತು ಕಾಣುತ್ತಿತ್ತು, ಅದನ್ನು ಅಂಟಿಸುವ ಕೈ ಯಾವುದೆಂದು ಮಾತ್ರ ತಿಳಿದಿರಲಿಲ್ಲ. ಜೀನ್ ಚುರುಕಾದದ್ದರಿಂದ ಗುರುತು ಬಿದ್ದಿತೋ, ಗುರುತು ಬಿದ್ದದ್ದರಿಂದ ಜೀನ್ ಚುರುಕಾಯಿತೋ ಎಂಬ ಆಕ್ಷೇಪಕ್ಕೆ ಕಿಣ್ವ ಕೈಗೆ ಸಿಗುವವರೆಗೆ ಸಮಾಧಾನವಿರಲಿಲ್ಲ. ಅಮೆರಿಕದ ವಿಜ್ಞಾನಿ ಡೇವಿಡ್ ಆಲಿಸ್ ಅವರ ಪ್ರಯೋಗಾಲಯ ಟೆಟ್ರಾಹೈಮಿನಾದತ್ತ ಹೊರಳಿದ್ದರ ಹಿಂದಿನ ತರ್ಕ ಸರಳವಾಗಿತ್ತು: ಚುರುಕಾದ ದೊಡ್ಡ ಕೇಂದ್ರದ ಹಿಸ್ಟೋನ್‌ಗಳ ಮೇಲೆ ಅಸಿಟೈಲ್ ಧಾರಾಳವಾಗಿದೆ, ಮೌನವಾಗಿರುವ ಚಿಕ್ಕ ಕೇಂದ್ರದಲ್ಲಿ ಇಲ್ಲ, ಹಾಗಾದರೆ ಅಂಟಿಸುವ ಕಿಣ್ವವನ್ನು ಹುಡುಕಬೇಕಾದ ಜಾಗ ದೊಡ್ಡ ಕೇಂದ್ರವೇ. ಆ ಪ್ರಯೋಗಾಲಯದ ಜೇಮ್ಸ್ ಬ್ರೌನೆಲ್ ಅದಕ್ಕಾಗಿ ಬಳಸಿದ ಉಪಾಯ ಇಂದಿಗೂ ವಿದ್ಯಾರ್ಥಿಗಳಿಗೆ ಹೇಳಿಕೊಡಲು ಯೋಗ್ಯವಾದದ್ದು. ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ಬಳಸುವ ಜೆಲ್ಲಿಯನ್ನು ಎರಕ ಹೊಯ್ಯುವಾಗಲೇ ಅದರೊಳಗೆ ಹಿಸ್ಟೋನ್‌ಗಳನ್ನು ಬೆರೆಸಿದರು. ದೊಡ್ಡ ಕೇಂದ್ರಗಳಿಂದ ತೆಗೆದ ಪ್ರೋಟೀನುಗಳನ್ನು ಅದರಲ್ಲಿ ಓಡಿಸಿ, ಬಳಿಕ ವಿಕಿರಣಶೀಲ ಅಸಿಟೈಲ್ ಒದಗಿಸುವ ದ್ರಾವಣದಲ್ಲಿ ಜೆಲ್ಲಿಯನ್ನು ನೆನೆಸಿಟ್ಟರು. ಅಂಟಿಸುವ ಸಾಮರ್ಥ್ಯವುಳ್ಳ ಪ್ರೋಟೀನು ಜೆಲ್ಲಿಯಲ್ಲಿ ಎಲ್ಲಿ ನಿಂತಿದೆಯೋ ಅಲ್ಲಿನ ಹಿಸ್ಟೋನ್‌ಗಳಷ್ಟೇ ವಿಕಿರಣಶೀಲವಾಗಬೇಕು, ಛಾಯಾಫಲಕದ ಮೇಲೆ ಅಲ್ಲಿ ಮಾತ್ರ ಕಪ್ಪು ಪಟ್ಟಿ ಮೂಡಬೇಕು. ಪಟ್ಟಿ ಮೂಡಿತು. 55 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಒಂದು ಪ್ರೋಟೀನು ಅಪರಾಧಸ್ಥಳದಲ್ಲಿಯೇ ಸಿಕ್ಕಿಬಿದ್ದಿತ್ತು.

1996ರಲ್ಲಿ ಆ ಪ್ರೋಟೀನಿನ ಅಮೈನೋ ಆಮ್ಲಗಳ ಸರಣಿಯನ್ನು ಓದಿದಾಗ ಹೊರಬಿದ್ದ ಸಂಗತಿಯೇ ನಿಜವಾದ ತಿರುವು. ಯೀಸ್ಟಿನಲ್ಲಿ ಮೊದಲೇ ಪರಿಚಿತವಾಗಿದ್ದ ಜಿಸಿಎನ್5 ಎಂಬ ಪ್ರೋಟೀನಿಗೂ ಇದಕ್ಕೂ ಹತ್ತಿರದ ಹೋಲಿಕೆಯಿತ್ತು. ಜಿಸಿಎನ್5 ಕೆಲವು ಜೀನ್‌ಗಳನ್ನು ಚುರುಕುಗೊಳಿಸಲು ಬೇಕೆಂಬುದು ತಳಿವಿಜ್ಞಾನಿಗಳಿಗೆ ಗೊತ್ತಿತ್ತು, ಅದು ಹೇಗೆ ಚುರುಕುಗೊಳಿಸುತ್ತದೆ ಎಂಬುದು ಗೊತ್ತಿರಲಿಲ್ಲ. ಕೆಲವೇ ವಾರಗಳ ಅಂತರದಲ್ಲಿ ಹಾರ್ವರ್ಡಿನ ಸ್ಟುವರ್ಟ್ ಶ್ರೈಬರ್ ಅವರ ಪ್ರಯೋಗಾಲಯದಿಂದ ನಾಣ್ಯದ ಇನ್ನೊಂದು ಮುಖ ಪ್ರಕಟವಾಯಿತು. ಶಿಲೀಂಧ್ರವೊಂದು ತಯಾರಿಸುವ ಟ್ರಾಪಾಕ್ಸಿನ್ ಎಂಬ ರಾಸಾಯನಿಕವನ್ನು ಗಾಳವಾಗಿ ಬಳಸಿ ಜ್ಯಾಕ್ ಟಾಂಟನ್ ಮತ್ತು ಸಂಗಡಿಗರು ಅಸಿಟೈಲನ್ನು ಕಳಚುವ ಕಿಣ್ವವನ್ನು ಹಿಡಿದರು. ಅದರ ಯೀಸ್ಟ್ ಬಂಧುವಾದ ಆರ್‌ಪಿಡಿ3 ಜೀನ್‌ಗಳನ್ನು ಅಡಗಿಸುವ ಪ್ರೋಟೀನೆಂದು ಮೊದಲೇ ಹೆಸರಾಗಿತ್ತು. ಹೀಗೆ ಚುರುಕುಗೊಳಿಸುವವರ ಪಟ್ಟಿಯಲ್ಲಿದ್ದದ್ದು ಅಂಟಿಸುವ ಕಿಣ್ವವೆಂದೂ, ಅಡಗಿಸುವವರ ಪಟ್ಟಿಯಲ್ಲಿದ್ದದ್ದು ಕಳಚುವ ಕಿಣ್ವವೆಂದೂ ಒಂದೇ ವಸಂತದಲ್ಲಿ ಸಾಬೀತಾಯಿತು. ಮೊದಲನೆಯದಕ್ಕೆ ಹಿಸ್ಟೋನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ಎಂದೂ ಎರಡನೆಯದಕ್ಕೆ ಹಿಸ್ಟೋನ್ ಡಿಅಸಿಟೈಲೇಸ್ ಎಂದೂ ಹೆಸರು. ನಾಲಿಗೆಗೆ ಹಗುರವಾಗಲೆಂದು ಇಲ್ಲಿ ಅಂಟಿಸುವ ಕಿಣ್ವ, ಕಳಚುವ ಕಿಣ್ವ ಎಂದೇ ಕರೆಯುತ್ತೇನೆ.

ಇಲ್ಲಿಗೆ ನಿಲ್ಲಿಸಿದರೆ ಓದುಗರ ಮನಸ್ಸಿನಲ್ಲಿ ದೀಪದ ಸ್ವಿಚ್ಚಿನ ಚಿತ್ರವೊಂದು ಉಳಿಯುತ್ತದೆ: ಅಂಟಿಸಿದರೆ ಜೀನ್ ಉರಿಯುತ್ತದೆ, ಕಳಚಿದರೆ ಆರುತ್ತದೆ. ಪಠ್ಯಪುಸ್ತಕಗಳಲ್ಲಿಯೂ ಹೆಚ್ಚಾಗಿ ಇದೇ ಚಿತ್ರವಿದೆ. ನನ್ನ ದೃಷ್ಟಿಯಲ್ಲಿ ಇದು ಅರ್ಧ ಸತ್ಯ, ಬಿಟ್ಟುಹೋದ ಅರ್ಧವೇ ಹೆಚ್ಚು ಮುಖ್ಯವಾದದ್ದು. ಯಾಕೆಂದರೆ ಈ ಕಿಣ್ವಗಳಿಗೆ ಡಿಎನ್‌ಎಯ ಅಕ್ಷರಗಳನ್ನು ಓದಲು ಬರುವುದಿಲ್ಲ. ಎದುರಿಗಿರುವುದು ಇನ್ಸುಲಿನ್ನಿನ ಜೀನೋ ಹಿಮೋಗ್ಲೋಬಿನ್ನಿನ ಜೀನೋ ಎಂಬುದು ಅವುಗಳಿಗೆ ತಿಳಿಯದು. ಎಲ್ಲ ಕಂಡಿಕೆಗಳ ಬಾಲಗಳೂ ಅವುಗಳಿಗೆ ಹೆಚ್ಚುಕಡಿಮೆ ಒಂದೇ ತೆರ. ನಿರ್ದಿಷ್ಟ ಅಕ್ಷರಸರಣಿಯನ್ನು ಗುರುತಿಸಿ ಅಲ್ಲಿಯೇ ಕೂರಬಲ್ಲ ಬೇರೆ ಪ್ರೋಟೀನುಗಳು ಅವುಗಳನ್ನು ಕೈಹಿಡಿದು ಕರೆತರಬೇಕು. ಆದ್ದರಿಂದ ಯಾವ ಕಿಣ್ವ ಎಂಬ ಪ್ರಶ್ನೆಗಿಂತ, ಅದನ್ನು ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಕರೆತಂದರು ಎಂಬ ಪ್ರಶ್ನೆ ದೊಡ್ಡದು.

ಥೈರಾಯ್ಡ್ ಹಾರ್ಮೋನಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಮಾತ್ರೆಯಲ್ಲಿರುವ ಟಿ4 ಎಂಬ ಹಾರ್ಮೋನು ದೇಹದಲ್ಲಿ ಟಿ3 ಎಂಬ ಹೆಚ್ಚು ಚುರುಕಾದ ರೂಪಕ್ಕೆ ಮಾರ್ಪಟ್ಟು ಕೋಶಕೇಂದ್ರದೊಳಗಿನ ಗ್ರಾಹಕ ಪ್ರೋಟೀನನ್ನು ಸೇರುತ್ತದೆ. ಕುತೂಹಲದ ಸಂಗತಿಯೆಂದರೆ, ಹಾರ್ಮೋನು ಬರುವ ಮೊದಲೇ ಆ ಗ್ರಾಹಕ ತನ್ನ ಜೀನ್‌ಗಳ ಪಕ್ಕದ ಡಿಎನ್‌ಎಯ ಮೇಲೆ ಕೂತಿರುತ್ತದೆ, ಸುಮ್ಮನೆ ಕೂತಿರುವುದೂ ಇಲ್ಲ. ಎನ್‌ಕೋರ್ ಎಂಬ ಸಂಗಾತಿ ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತದೆ, ಎನ್‌ಕೋರ್ ಎಚ್‌ಡಿಎಸಿ3 ಎಂಬ ಕಳಚುವ ಕಿಣ್ವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೀಗಾಗಿ ಆ ಸುತ್ತಿನ ಬಾಲಗಳ ಮೇಲೆ ಅಸಿಟೈಲ್ ನಿಲ್ಲದಂತೆ ಕಾವಲು ನಡೆಯುತ್ತಿರುತ್ತದೆ. ಟಿ3 ಬಂದು ಗ್ರಾಹಕದ ಒಡಲನ್ನು ಹೊಕ್ಕಾಗ ಅದರ ತುದಿಯ ಸುರುಳಿಯೊಂದು ಮಡಚಿಕೊಳ್ಳುತ್ತದೆ, ಎನ್‌ಕೋರ್ ಕೂರುತ್ತಿದ್ದ ತಾಣ ಕೆಡುತ್ತದೆ, ಅದೇ ಜಾಗದಲ್ಲಿ ಅಂಟಿಸುವ ಕಿಣ್ವಗಳನ್ನು ಕರೆತರುವ ಸಹಾಯಕರಿಗೆ ಹೊಸ ತಾಣ ಸಿದ್ಧವಾಗುತ್ತದೆ. ಪಿ300 ಎಂಬ ಅಂಟಿಸುವ ಕಿಣ್ವ ಅಲ್ಲಿಗೆ ಬಂದು ಸೇರುವುದು ಹೀಗೆ. ಗ್ರಾಹಕ ಕದಲಲಿಲ್ಲ, ಡಿಎನ್‌ಎ ಬದಲಾಗಲಿಲ್ಲ, ಬದಲಾದದ್ದು ಪರಿವಾರ ಮಾತ್ರ. ಇನ್ನೂ ಒಂದು ಮಾತು ಹೇಳಲೇಬೇಕು: ಎಚ್‌ಡಿಎಸಿ3ಯನ್ನು ಒಂಟಿಯಾಗಿ ಶುದ್ಧೀಕರಿಸಿಟ್ಟರೆ ಅದು ಕೆಲಸವನ್ನೇ ಮಾಡುವುದಿಲ್ಲ. ಎನ್‌ಕೋರಿನ ಅಥವಾ ಅದರ ಸೋದರ ಪ್ರೋಟೀನಿನ ಒಂದು ಭಾಗ ಅದಕ್ಕೆ ತಗುಲಿಕೊಂಡಾಗ ಮಾತ್ರ ಅದು ಕಿಣ್ವವಾಗುತ್ತದೆ. ತಪ್ಪು ಜಾಗದಲ್ಲಿ ಅಲೆದಾಡುವ ಕಳಚುವ ಕಿಣ್ವದಿಂದ ಹಾನಿಯಾಗದಂತೆ ಪ್ರಕೃತಿ ಹಾಕಿಟ್ಟ ಬೀಗವಿದು ಎನ್ನಬಹುದು.

ಅಸಿಟೈಲ್ ಗುರುತು ಕೇವಲ ಆವೇಶವನ್ನು ಅಳಿಸಿ ಸುಮ್ಮನಾಗುವುದಿಲ್ಲ. ಅದನ್ನು ಗುರುತಿಸಿ ಹಿಡಿಯಬಲ್ಲ ಬ್ರೋಮೋಡೊಮೈನ್ ಎಂಬ ಪುಟ್ಟ ಜೇಬು ಹಲವು ಪ್ರೋಟೀನುಗಳಲ್ಲಿದೆಯೆಂದು 1999ರಲ್ಲಿ ತಿಳಿಯಿತು. ಜಿಸಿಎನ್5, ಪಿ300 ಮೊದಲಾದ ಅಂಟಿಸುವ ಕಿಣ್ವಗಳಲ್ಲಿಯೇ ಈ ಜೇಬಿರುವುದು ಸ್ವಾರಸ್ಯಕರ. ತಾನೇ ಹಾಕಿದ ಗುರುತನ್ನು ಹಿಡಿದುಕೊಂಡು ಕಿಣ್ವ ಅಲ್ಲಿಯೇ ನೆಲೆ ನಿಲ್ಲಲು ಇದರಿಂದ ಸಾಧ್ಯವಾಗುತ್ತದೆ. ಬಾಲಗಳ ಮೇಲಿನ ಸ್ಥಾನವೂ ಲೆಕ್ಕಕ್ಕೆ ಬರುತ್ತದೆ. ಹಿಸ್ಟೋನ್‌ಗಳ ನಾಲ್ಕು ಬಗೆಗಳಲ್ಲಿ ಒಂದಾದ ಎಚ್4ರ 16ನೆಯ ಸ್ಥಾನದ ಲೈಸೀನಿಗೆ ಅಸಿಟೈಲ್ ಅಂಟಿದರೆ ಸಾಕು, ಕಂಡಿಕೆಗಳ ಸಾಲು ದಟ್ಟವಾಗಿ ಮುದುಡಿಕೊಳ್ಳಲಾರದು ಎಂಬುದನ್ನು 2006ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು. ಡಿಎನ್‌ಎಗೇ ಮೀಥೈಲ್ ಗುಂಪು ಸೇರಿಸುವ ಕಿಣ್ವಗಳು, ಹಿಸ್ಟೋನ್‌ಗಳಿಗೆ ಮೀಥೈಲ್ ಅಥವಾ ಫಾಸ್ಫೇಟ್ ಸೇರಿಸುವ ಕಿಣ್ವಗಳು ಬೇರೆಯೇ ಇವೆ. ಅವುಗಳ ಕಥೆಯನ್ನು ಇಲ್ಲಿ ಎತ್ತಿಕೊಂಡರೆ ಲೇಖನ ಹಿಡಿತ ತಪ್ಪುತ್ತದೆ.

ಸ್ವಿಚ್ಚಿನ ಚಿತ್ರವನ್ನು ಇನ್ನಷ್ಟು ಕದಡಿದ್ದು 2009ರ ಒಂದು ಶೋಧ. ಮನುಷ್ಯನ ಕೋಶಗಳ ಇಡೀ ಡಿಎನ್‌ಎಯ ಉದ್ದಕ್ಕೂ ಈ ಎರಡು ಬಗೆಯ ಕಿಣ್ವಗಳು ಎಲ್ಲೆಲ್ಲಿ ಕೂತಿವೆ ಎಂದು ನಕ್ಷೆ ಬಿಡಿಸಿದಾಗ, ಕಳಚುವ ಕಿಣ್ವಗಳು ಮೌನ ಜೀನ್‌ಗಳ ಮೇಲೆ ದಟ್ಟವಾಗಿರಬಹುದೆಂಬ ನಿರೀಕ್ಷೆ ಸುಳ್ಳಾಯಿತು. ಅವು ಹೆಚ್ಚಾಗಿ ಕಂಡದ್ದು ಚುರುಕಾಗಿರುವ ಜೀನ್‌ಗಳ ಮೇಲೆಯೇ, ಅಂಟಿಸುವ ಕಿಣ್ವಗಳ ಪಕ್ಕದಲ್ಲಿ. ಯೋಚಿಸಿದರೆ ಇದರಲ್ಲಿ ಅಸಂಗತವೇನೂ ಇಲ್ಲ. ಅಸಿಟೈಲ್ ಗುರುತುಗಳ ಆಯುಷ್ಯ ಹಲವು ಕಡೆ ನಿಮಿಷಗಳಲ್ಲಿ ಅಳೆಯುವಷ್ಟು ಅಲ್ಪ. ಒಂದು ಕೈ ಅಂಟಿಸುತ್ತಿದ್ದಂತೆ ಇನ್ನೊಂದು ಕೈ ಕಳಚುತ್ತಿರುತ್ತದೆ. ಒಲೆಯ ಮೇಲಿನ ಹಾಲು ಉಕ್ಕದಂತೆ ಉರಿಯನ್ನು ಹಿಗ್ಗಿಸುತ್ತ ತಗ್ಗಿಸುತ್ತ ನಿಂತವರ ಕೆಲಸವಿದು. ಹೀಗೆ ಸತತವಾಗಿ ಹರಿದಾಡುತ್ತಿರುವ ಸಮತೋಲವನ್ನು ಯಾವ ಕಡೆಗಾದರೂ ಬೇಗನೆ ವಾಲಿಸಬಹುದು, ಅದೇ ಅದರ ಲಾಭ. ಕಳಚುವ ಕಿಣ್ವಗಳನ್ನು ಔಷಧದಿಂದ ತಡೆದಾಗ ಎಲ್ಲ ಜೀನ್‌ಗಳೂ ಒಮ್ಮೆಲೇ ಭುಗಿಲೇಳದೆ ಕೆಲವಷ್ಟೇ ಏರುವುದಕ್ಕೂ, ಹಲವು ಜೀನ್‌ಗಳು ಇಳಿಯುವುದಕ್ಕೂ ಕಾರಣ ಇಂಥ ಹೆಣಿಗೆಯೇ.

ಅಂಟಿಸಲು ಬೇಕಾದ ಸರಕು ಬರುವುದಾದರೂ ಎಲ್ಲಿಂದ? ಅನ್ನ, ಮುದ್ದೆ, ಎಣ್ಣೆಗಳು ಕೋಶದಲ್ಲಿ ಒಡೆದು ಶಕ್ತಿಯಾಗುವ ದಾರಿಯಲ್ಲಿ ಸಿಗುವ ಅಸಿಟೈಲ್ ಕೋಎ ಎಂಬ ಅಣುವಿನಿಂದ. ಕಳಚುವ ಕಿಣ್ವಗಳಲ್ಲೂ ಎರಡು ಕುಲಗಳಿವೆ: ಮನುಷ್ಯನಲ್ಲಿರುವ 18ರಲ್ಲಿ 11 ಸತುವಿನ ಪರಮಾಣುವನ್ನು ನೆಚ್ಚಿದರೆ, ಸರ್ಟುಯಿನ್ ಎಂಬ ಉಳಿದ 7ಕ್ಕೆ ಎನ್‌ಎಡಿ ಎಂಬ ಅಣು ಬೇಕು, ಅದರ ಲಭ್ಯತೆಯೂ ಕೋಶದ ಶಕ್ತಿಯ ಸ್ಥಿತಿಗೆ ಕಟ್ಟುಬಿದ್ದದ್ದು. ಹೀಗಾಗಿ ಕೋಶದ ಉಣಿಸಿನ ಲೆಕ್ಕ ಜೀನ್‌ಗಳ ಬಾಗಿಲಿನವರೆಗೂ ಮುಟ್ಟುತ್ತದೆ. ಇನ್ನೊಂದು ಕೊಂಡಿ ನಮ್ಮ ದೊಡ್ಡಕರುಳಿನಲ್ಲಿದೆ. ನಾವು ಜೀರ್ಣಿಸಿಕೊಳ್ಳಲಾರದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗೆಬ್ಬಿಸಿ ಬ್ಯುಟಿರೇಟ್ ತಯಾರಿಸುತ್ತವೆ. ಕಮಟಿದ ಬೆಣ್ಣೆಯ ಆ ಘಾಟಿಗೆ ಕಾರಣವಾದ ಬ್ಯುಟಿರಿಕ್ ಆಮ್ಲದ ರೂಪವಿದು. ಬ್ಯುಟಿರೇಟ್ ಸೇರಿಸಿದ ಕೋಶಗಳಲ್ಲಿ ಹಿಸ್ಟೋನ್‌ಗಳ ಮೇಲೆ ಅಸಿಟೈಲ್ ರಾಶಿ ಬೀಳುವುದು 1970ರ ದಶಕದಲ್ಲಿಯೇ ಕಂಡುಬಂದಿತ್ತು, ಅದು ಕಳಚುವ ಕಿಣ್ವಗಳನ್ನು ತಡೆಯುವುದರಿಂದ ಹಾಗಾಗುತ್ತದೆ ಎಂಬುದು ಬೇಗನೆ ತಿಳಿಯಿತು.

ಕರೆತರುವವರು ಎಡವಿದಾಗ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದ ಮಟ್ಟಿಗೆ ಅತ್ಯಂತ ನಿಚ್ಚಳವಾದ ಉದಾಹರಣೆ ತೀವ್ರ ಪ್ರೋಮೈಲೋಸಿಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಇದರಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ರೆಟಿನೋಯಿಕ್ ಆಮ್ಲದ ಗ್ರಾಹಕಕ್ಕೆ ಪಿಎಂಎಲ್ ಎಂಬ ಇನ್ನೊಂದು ಪ್ರೋಟೀನು ಬೆಸೆದುಕೊಂಡುಬಿಡುತ್ತದೆ. ರೆಟಿನೋಯಿಕ್ ಆಮ್ಲವೆಂದರೆ ಎ ಜೀವಸತ್ವದಿಂದ ಹುಟ್ಟುವ ಅಣು. ಅದರ ಸಹಜ ಗ್ರಾಹಕವೂ ಥೈರಾಯ್ಡ್ ಗ್ರಾಹಕದಂತೆಯೇ ನಡೆದುಕೊಳ್ಳುತ್ತದೆ: ಅಣು ಇಲ್ಲದಾಗ ಕಳಚುವ ಕಿಣ್ವವನ್ನು ಹಿಡಿದಿಡುತ್ತದೆ, ಅಣು ಬಂದೊಡನೆ ಬಿಟ್ಟುಕೊಡುತ್ತದೆ. ದೇಹದಲ್ಲಿ ಸಾಮಾನ್ಯವಾಗಿರುವ ಅಲ್ಪ ಪ್ರಮಾಣದ ರೆಟಿನೋಯಿಕ್ ಆಮ್ಲ ಇದಕ್ಕೆ ಸಾಕು. ಬೆಸೆದ ಪ್ರೋಟೀನಾದರೋ ಅಷ್ಟಕ್ಕೆ ಜಗ್ಗುವುದಿಲ್ಲ, ಕಳಚುವ ಕಿಣ್ವದ ಕೈಯನ್ನು ಬಿಡುವುದಿಲ್ಲ. ಬಿಳಿ ರಕ್ತಕಣ ಬಲಿಯಲು ಬೇಕಾದ ಜೀನ್‌ಗಳು ಮುಚ್ಚಿಯೇ ಉಳಿಯುತ್ತವೆ, ಎಳೆಯ ಕೋಶಗಳು ಬಲಿಯದೆ ಹೆಚ್ಚುತ್ತಲೇ ಹೋಗುತ್ತವೆ, ರೋಗಿ ತಡೆಯಿಲ್ಲದ ರಕ್ತಸ್ರಾವಕ್ಕೆ ಈಡಾಗುತ್ತಾನೆ.

ಚೀನಾದ ಶಾಂಘಾಯಿಯಲ್ಲಿ ವೈದ್ಯ ವಾಂಗ್ ಝೆನ್‌ಯಿ 1985ರಲ್ಲಿ ಈ ರೋಗದಿಂದ ಸಾವಿನಂಚಿಗೆ ಬಂದಿದ್ದ ಐದು ವರ್ಷದ ಹುಡುಗಿಗೆ ರೆಟಿನೋಯಿಕ್ ಆಮ್ಲದ ಒಂದು ರೂಪವನ್ನು ಕೊಟ್ಟರು, ಮಗು ಚೇತರಿಸಿಕೊಂಡಿತು. 1988ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಲ್ಲಿ 24 ರೋಗಿಗಳಿದ್ದು, ಒಬ್ಬರನ್ನು ಬಿಟ್ಟು ಉಳಿದವರೆಲ್ಲರಲ್ಲಿ ಈ ಔಷಧವೊಂದರಿಂದಲೇ ರೋಗದ ಕುರುಹು ಕಾಣದಂತಾಗಿತ್ತು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡಿ ಸಹಜ ಸಾವಿನತ್ತ ಸಾಗಿಸಿದ್ದು ಆಗ ಬೆರಗಿನ ಸಂಗತಿಯಾಗಿತ್ತು. ಕಾರಣ ತಿಳಿದದ್ದು ಹತ್ತು ವರ್ಷಗಳ ನಂತರ, 1998ರಲ್ಲಿ: ಔಷಧದ ಮಟ್ಟದ ದೊಡ್ಡ ಪ್ರಮಾಣದಲ್ಲಿ ರೆಟಿನೋಯಿಕ್ ಆಮ್ಲ ಬಂದಾಗ ಮಾತ್ರ ಬೆಸೆದ ಪ್ರೋಟೀನು ಕಳಚುವ ಕಿಣ್ವವನ್ನು ಬಿಟ್ಟುಕೊಡುತ್ತದೆ. ಇದೇ ರೋಗದ ಅಪರೂಪದ ಇನ್ನೊಂದು ರೂಪದಲ್ಲಿ ಗ್ರಾಹಕಕ್ಕೆ ಬೆಸೆದುಕೊಳ್ಳುವುದು ಪಿಎಲ್‌ಝೆಡ್‌ಎಫ್ ಎಂಬ ಬೇರೆ ಪ್ರೋಟೀನು. ಅದಕ್ಕೆ ಗ್ರಾಹಕದ ಹಂಗಿಲ್ಲದೆ ಸ್ವಂತವಾಗಿ ಕಳಚುವ ಕಿಣ್ವವನ್ನು ಹಿಡಿಯುವ ಇನ್ನೊಂದು ಕೈಯಿದೆ, ಆದ್ದರಿಂದ ಎಷ್ಟೇ ರೆಟಿನೋಯಿಕ್ ಆಮ್ಲ ಕೊಟ್ಟರೂ ಆ ರೋಗಿಗಳಲ್ಲಿ ಫಲ ಕಾಣುವುದಿಲ್ಲ. ಎರಡೂ ರೋಗಗಳಲ್ಲಿ ಕಿಣ್ವ ಒಂದೇ, ದೋಷವಿಲ್ಲದ್ದು. ಕೆಟ್ಟಿದ್ದು ಅದನ್ನು ಹಿಡಿದವರ ಕೈ.

ಕಿಣ್ವದ ಪ್ರಮಾಣವೇ ಕುಗ್ಗಿದಾಗ ಬರುವ ತೊಂದರೆ ಬೇರೆ ರೀತಿಯದು. ಪಿ300ರ ಸೋದರ ಕಿಣ್ವವಾದ ಸಿಬಿಪಿಯ ಎರಡು ಜೀನ್ ಪ್ರತಿಗಳಲ್ಲಿ ಒಂದು ಕೆಟ್ಟರೆ ಸಾಕು, ರೂಬಿನ್‌ಸ್ಟೈನ್-ಟೇಬಿ ಸಿಂಡ್ರೋಮ್ ಉಂಟಾಗುತ್ತದೆಂದು 1995ರಲ್ಲಿ ತಿಳಿಯಿತು. ಅಗಲವಾದ ಹೆಬ್ಬೆರಳು, ಕುಂಠಿತ ಬೆಳವಣಿಗೆ, ಕಲಿಕೆಯ ತೊಡಕು ಇದರ ಲಕ್ಷಣಗಳು. ಒಂದು ಪ್ರತಿ ಸರಿಯಾಗಿಯೇ ಇದ್ದರೂ ಅದು ಸಾಲದು. ಹಲವು ಜೀನ್‌ಗಳು ಒಂದೇ ಕಿಣ್ವದ ದಾಸ್ತಾನನ್ನು ಹಂಚಿಕೊಂಡು ಬದುಕುತ್ತಿರುವಾಗ ದಾಸ್ತಾನು ಅರ್ಧವಾದರೆ ಕೊರತೆ ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತದೆ.

ಇಂಥ ಕಿಣ್ವಗಳನ್ನು ಔಷಧದಿಂದ ತಡೆಯುವ ಪ್ರಯತ್ನ ಶುರುವಾದದ್ದು ಕಿಣ್ವಗಳೇ ಗೊತ್ತಿಲ್ಲದ ಕಾಲದಲ್ಲಿ ಎಂಬುದು ವಿಚಿತ್ರವಾದರೂ ನಿಜ. ಡಿಎಂಎಸ್‌ಒ ಎಂಬ ಸಾಮಾನ್ಯ ದ್ರಾವಕದಲ್ಲಿಟ್ಟ ಇಲಿಯ ಲ್ಯುಕೇಮಿಯಾ ಕೋಶಗಳು ಹಿಮೋಗ್ಲೋಬಿನ್ ತಯಾರಿಸತೊಡಗುವುದನ್ನು, ಅಂದರೆ ಬಲಿಯತೊಡಗುವುದನ್ನು, ಶಾರ್ಲಟ್ ಫ್ರೆಂಡ್ 1971ರಲ್ಲಿ ವರದಿ ಮಾಡಿದರು. ಅದಕ್ಕಿಂತ ಪ್ರಬಲವಾದ ಅಣುವಿಗಾಗಿ ರೊನಾಲ್ಡ್ ಬ್ರೆಸ್ಲೋ ಮತ್ತು ಪಾಲ್ ಮಾರ್ಕ್ಸ್ ದಶಕಗಟ್ಟಲೆ ಹುಡುಕಿ ಹೊಸೆದ ಅಣು, ಕಳಚುವ ಕಿಣ್ವಗಳನ್ನು ತಡೆಯುತ್ತದೆ ಎಂಬುದು ತಿಳಿದದ್ದು 1990ರ ದಶಕದ ಕೊನೆಗೆ. ಸತುವನ್ನು ನೆಚ್ಚಿದ ಈ ಕಿಣ್ವಗಳಲ್ಲಿ ಸುಮಾರು ಒಂದು ನ್ಯಾನೊಮೀಟರ್ ಆಳದ ಕಿರಿದಾದ ಕೊಳವೆಯಿದ್ದು, ಅದರ ತಳದಲ್ಲಿ ಸತುವಿನ ಪರಮಾಣು ಕೂತಿರುತ್ತದೆ. ಲೈಸೀನಿನ ಉದ್ದನೆಯ ತೋಳು ಅಸಿಟೈಲನ್ನು ಮುಂದೆ ಹಿಡಿದು ಈ ಕೊಳವೆಯೊಳಗೆ ಇಳಿಯುತ್ತದೆ, ತಳದಲ್ಲಿ ಅಸಿಟೈಲ್ ಕಳಚುತ್ತದೆ. ವೊರಿನೋಸ್ಟ್ಯಾಟ್ ಎಂದು ಈಗ ಕರೆಯುವ ಆ ಔಷಧ ಲೈಸೀನಿನ ವೇಷ ಹಾಕಿಕೊಂಡು ಅದೇ ಕೊಳವೆಗೆ ಇಳಿದು ಸತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಚರ್ಮದ ಟಿ ಕೋಶ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು, ಅದಕ್ಕೆ ಸ್ಪಂದಿಸಿದ ರೋಗಿಗಳು ಸುಮಾರು 30% ಮಾತ್ರ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್‌ಗಳಲ್ಲಿ ಇಂಥ ಔಷಧಗಳು ಒಂಟಿಯಾಗಿ ಹೇಳಿಕೊಳ್ಳುವ ಫಲ ಕೊಟ್ಟಿಲ್ಲ. ಊರಿನ ಎಲ್ಲ ಕೊಳವೆಗಳಿಗೂ ಬಿರಡೆ ಹಾಕುವ ಔಷಧಕ್ಕೆ ಯಾವ ಮನೆಯ ನಲ್ಲಿ ಸೋರುತ್ತಿದೆ ಎಂಬುದು ತಿಳಿಯುವುದಿಲ್ಲ. ಅಪಸ್ಮಾರಕ್ಕೆ ದಶಕಗಳಿಂದ ಕೊಡುತ್ತಿರುವ ವಾಲ್ಪ್ರೋಯೇಟ್ ಕೂಡ ಕಳಚುವ ಕಿಣ್ವಗಳನ್ನು ತಡೆಯುತ್ತದೆಂದು 2001ರಲ್ಲಿ ಕಂಡುಬಂತು. ಗರ್ಭಾವಸ್ಥೆಯಲ್ಲಿ ಅದು ಭ್ರೂಣಕ್ಕೆ ಒಡ್ಡುವ ಅಪಾಯಕ್ಕೆ ಈ ಗುಣವೂ ಒಂದು ಕಾರಣವಿರಬಹುದೆಂದು ಭಾವಿಸಲಾಗಿದೆ. ಹಾಗೆಂದು ಆ ಮಾತ್ರೆಯನ್ನು ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು.

ಅಂಟಿಸುವ ಕಿಣ್ವಗಳ ಮೇಲಿನ ಕೆಲಸದಲ್ಲಿ ಬೆಂಗಳೂರಿನ ಹೆಸರು ಗಟ್ಟಿಯಾಗಿ ಸೇರಿಕೊಂಡಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಪಿ300 ಕಿಣ್ವವನ್ನು ತಡೆಯಬಲ್ಲ ಅಣುಗಳನ್ನು ನಮ್ಮ ಕರಾವಳಿಗೆ ಚಿರಪರಿಚಿತವಾದ ಗಿಡಮರಗಳಲ್ಲಿ ಕಂಡಿತು. ಹಸಿ ಗೇರುಬೀಜ ಸುಲಿದವರಿಗೆ ಅದರ ಸಿಪ್ಪೆಯ ಎಣ್ಣೆ ಕೈ ಸುಡುವುದು ಗೊತ್ತು. ಆ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300 ಅನ್ನು ತಡೆಯುತ್ತದೆಂದು 2003ರಲ್ಲಿ ಅವರು ಪ್ರಕಟಿಸಿದರು. 2004ರಲ್ಲಿ ಗಾರ್ಸಿನಾಲ್ ಸರದಿ. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವ ಹಣ್ಣಿನ ಸಿಪ್ಪೆಯಲ್ಲಿ ಸಿಗುವ ಅಣುವಿದು. ಇದನ್ನು ಓದಿ ಪುನರ್ಪುಳಿ ಶರಬತ್ತು ಕುಡಿದರೆ ಜೀನ್‌ಗಳು ಹದಕ್ಕೆ ಬರುತ್ತವೆಂದು ಯಾರೂ ಹೊರಡಬೇಕಾಗಿಲ್ಲ. ಗಾರ್ಸಿನಾಲ್ ನೀರಿನಲ್ಲಿ ಕರಗಲು ಒಲ್ಲದ ವಸ್ತು, ಪ್ರಯೋಗ ನಡೆದದ್ದು ಶುದ್ಧೀಕರಿಸಿದ ಅಣುವಿನಿಂದ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. ಶರಬತ್ತು ಬೇಸಿಗೆಗೆ ಒಳ್ಳೆಯದು, ಅಷ್ಟೇ.

ಗೇರುಬೀಜದ ಎಣ್ಣೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಅನಕಾರ್ಡಿಕ್ ಆಮ್ಲದ ರಚನೆಯನ್ನು ತಿದ್ದಿ ಈ ತಂಡ ಸಿಟಿಪಿಬಿ ಎಂಬ ಅಣುವನ್ನು ಮಾಡಿತು, ಅದು ಪಿ300 ಅನ್ನು ತಡೆಯುವ ಬದಲು ಚುರುಕುಗೊಳಿಸಿತು. ಕಿಣ್ವವನ್ನು ಕೆಡಿಸುವ ಅಣುಗಳು ಬೇಕಾದಷ್ಟು ಸಿಗುತ್ತವೆ, ಚುರುಕುಗೊಳಿಸುವವು ಅಪರೂಪ. ಆದರೆ ಇಂಥ ಅಣು ಕೋಶದೊಳಗೆ ನುಗ್ಗಲು ಒಪ್ಪುತ್ತಿರಲಿಲ್ಲ. ಟಿಟಿಕೆ21 ಎಂಬ ಸಂಬಂಧಿ ಅಣುವನ್ನು ಗ್ಲೂಕೋಸಿನಿಂದ ತಯಾರಿಸಿದ ಇಂಗಾಲದ ಅತಿಸೂಕ್ಷ್ಮ ಗೋಲಿಗಳಿಗೆ ಅಂಟಿಸಿದಾಗ ಅದು ರಕ್ತದಿಂದ ಮಿದುಳಿಗೂ ದಾಟಿತು. 2013ರಲ್ಲಿ ಪ್ರಕಟವಾದಂತೆ, ಅದನ್ನು ಪಡೆದ ಇಲಿಗಳಲ್ಲಿ ಕಲಿತದ್ದರ ನೆನಪು ಹೆಚ್ಚು ಕಾಲ ಉಳಿಯಿತು.

ಆ ಬಳಿಕ ಇದೇ ಅಣುವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಬೆನ್ನುಹುರಿಯ ಗಾಯದ ಪ್ರಯೋಗಗಳಲ್ಲಿ ಬಳಸಿತು. ದೊಡ್ಡ ಗೂಡು, ಆಟಿಕೆ, ಹೆಚ್ಚು ಸಂಗಾತಿಗಳ ನಡುವೆ ಇರಿಸಿದ ಇಲಿಗಳ ನರಗಳು ಗಾಯದ ನಂತರ ಚೆನ್ನಾಗಿ ಚಿಗುರುವುದನ್ನು ಕಂಡು, ಅದರ ಹಿಂದೆ ಸಿಬಿಪಿ ನಡೆಸುವ ಹಿಸ್ಟೋನ್ ಅಸಿಟೈಲೀಕರಣವಿದೆಯೆಂದು 2019ರಲ್ಲಿ ತೋರಿಸಿದ ಅವರು, ಗೂಡಿನ ವೈಭವದ ಬದಲಿಗೆ ಟಿಟಿಕೆ21 ಕೊಟ್ಟು ನೋಡಿದರು. ಗಾಯವಾದ ಕೆಲವೇ ಗಂಟೆಗಳಲ್ಲಿ ಆರಂಭಿಸಿದಾಗ ನರಗಳು ಚಿಗುರಿದವು, ಪ್ರಾಣಿಗಳ ಸ್ಪರ್ಶ ಮತ್ತು ಚಲನೆಯಲ್ಲಿ ಸುಧಾರಣೆ ಕಂಡಿತು. ಮೂರು ತಿಂಗಳ ಹಳೆಯ ತೀವ್ರ ಗಾಯಕ್ಕೆ ಅದನ್ನೇ ವಾರಕ್ಕೊಮ್ಮೆ ಕೊಟ್ಟು ನೋಡಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹಿಸ್ಟೋನ್‌ಗಳ ಮೇಲೆ ಅಸಿಟೈಲ್ ಏರಿತು, ಬೆಳವಣಿಗೆಗೆ ಬೇಕಾದ ಜೀನ್‌ಗಳು ತೆರೆದುಕೊಂಡವು, ನರತಂತುಗಳು ಮತ್ತೆ ಟಿಸಿಲೊಡೆದವು. ಆದರೆ ಆ ಇಲಿಗಳಿಗೆ ಕಳೆದುಹೋದ ನಡಿಗೆ ಮರಳಲಿಲ್ಲ.